ಒಳ್ಳೆಯ ಇಟಾಲಿಯನ್ ಹೋಟೆಲ್ ಬೇಕಾ? ಮೆನುವಿನ ಅಗ್ಗದ ಸಾಲಿನಿಂದ ಶುರು ಮಾಡಿ

ದೊಡ್ಡ ನಗರದಲ್ಲಿ ಇಟಾಲಿಯನ್ ಹೋಟೆಲ್‌ಗಳಿಗೆ ಬರವಿಲ್ಲ. ಬರ ಇರುವುದು, ಬಿಲ್ ಕೊಟ್ಟು ಹೊರಗೆ ಬಂದಾಗ ಮತ್ತೆ ಇಲ್ಲಿಗೇ ಬರೋಣ ಅನ್ನಿಸುವಂಥ ಹೋಟೆಲ್‌ಗೆ. ಗೆಳೆಯರು ನನ್ನನ್ನು ಕೇಳುವುದು ಯಾವಾಗಲೂ ಇದನ್ನೇ. ರುಚಿಯೂ ಇರಬೇಕು, ಜೇಬಿಗೂ ಭಾರ ಆಗಬಾರದು, ಎಲ್ಲಿಗೆ ಹೋಗೋಣ? ನಾನು ಹೆಸರು ಹೇಳಲು ಹೋಗುವುದಿಲ್ಲ, ಹುಡುಕುವ ದಾರಿ ಹೇಳುತ್ತೇನೆ. ಇವತ್ತು ಚೆನ್ನಾಗಿರುವ ಹೋಟೆಲ್ ಅಡುಗೆಯವರು ಬದಲಾದ ವಾರದಲ್ಲೇ ಕೆಡಬಹುದು. ಹುಡುಕುವುದು ಗೊತ್ತಿದ್ದರೆ ಯಾವ ಊರಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ನನ್ನ ಮೊದಲ ನಿಯಮ ಸುಲಭ. ಮೆನು ಸಿಕ್ಕ ಕೂಡಲೇ ಅದರಲ್ಲಿ ಅತಿ ಅಗ್ಗದ ಪಾಸ್ತಾ ಯಾವುದು, ಅತಿ ಅಗ್ಗದ ಪಿಜ್ಜಾ ಯಾವುದು ಅಂತ ನೋಡಿ. ಇಟಲಿಯ ಅಡುಗೆಯಲ್ಲಿ ಹೆಸರು ಮಾಡಿದ ಎಷ್ಟೋ ತಿನಿಸುಗಳು ಬಡವರ ಮನೆಯ ಸಾಮಾನಿನಿಂದ ಹುಟ್ಟಿದವು. ಹಿಟ್ಟು, ನೀರು, ಟೊಮೆಟೊ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಕರಿಮೆಣಸು, ಒಂದು ಹಿಡಿ ತುರಿದ ಚೀಸ್. ಇಷ್ಟರಲ್ಲೇ ರುಚಿ ತರಬಲ್ಲ ಅಡುಗೆಮನೆ ಉಳಿದದ್ದನ್ನೂ ಚೆನ್ನಾಗಿಯೇ ಮಾಡುತ್ತದೆ. ಇಷ್ಟರಲ್ಲೇ ಸೋತ ಅಡುಗೆಮನೆ ಮೇಲೆ ಕ್ರೀಮ್ ಸುರಿಯುತ್ತದೆ, ಟ್ರಫಲ್ ಎಂಬ ದುಬಾರಿ ಅಣಬೆಯ ಘಮದ ಎಣ್ಣೆ ಹನಿಸುತ್ತದೆ, ಬೆಲೆ ಏರಿಸುತ್ತದೆ. ಹಾಗಾಗಿ ಹೊಸ ಜಾಗಕ್ಕೆ ಹೋದಾಗ ಅಗ್ಗದ ತಿನಿಸನ್ನೇ ಧೈರ್ಯವಾಗಿ ತರಿಸಿ. ಖರ್ಚು ಕಡಿಮೆ, ತಿಳಿಯುವುದು ಜಾಸ್ತಿ.

ಹೊರಡುವ ಮುಂಚೆ

ಅರ್ಧ ಕೆಲಸ ಮನೆಯಲ್ಲಿ ಕೂತೇ ಮುಗಿಯುತ್ತದೆ. ಆನ್‌ಲೈನ್ ರಿವ್ಯೂಗಳಲ್ಲಿ ನಕ್ಷತ್ರಗಳ ಸರಾಸರಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಜಾಗ ಚೆಂದ ಇತ್ತು, ಹುಟ್ಟುಹಬ್ಬಕ್ಕೆ ಹಾಡು ಹಾಕಿದರು, ವೇಯ್ಟರ್ ನಗುನಗುತ್ತಾ ಮಾತಾಡಿದ, ಇದಕ್ಕೆಲ್ಲ ಐದು ನಕ್ಷತ್ರ ಬೀಳುತ್ತವೆ. ಪಾಸ್ತಾ ಬಗ್ಗೆ ಅದರಿಂದ ಏನೂ ತಿಳಿಯುವುದಿಲ್ಲ, ಅಲ್ವಾ? ಮೂರು, ನಾಲ್ಕು ನಕ್ಷತ್ರ ಕೊಟ್ಟವರು ಬರೆದದ್ದನ್ನು ಓದಿ. ಅವರು ಸಾಮಾನ್ಯವಾಗಿ ಕಾರಣ ಕೊಡುತ್ತಾರೆ. ರಿವ್ಯೂ ಒಳಗೆ ಹುಡುಕುವ ಸೌಲಭ್ಯ ಇದ್ದರೆ 'ಕಾರ್ಬೊನಾರಾ' (ಒಂದು ಪಾಸ್ತಾ) ಅಥವಾ 'ಮಾರ್ಗರಿಟಾ' (ಒಂದು ಪಿಜ್ಜಾ) ಅಂತ ಹಾಕಿ ನೋಡಿ. ಹೊಸ ರಿವ್ಯೂಗಳು ಮೊದಲು ಬರುವಂತೆ ಮಾಡಿಕೊಳ್ಳಿ.

ಫೋಟೋಗಳನ್ನು ನೋಡುವಾಗ ಹೋಟೆಲ್‌ನವರು ಹಾಕಿದ್ದನ್ನು ಬಿಡಿ, ಗಿರಾಕಿಗಳು ತೆಗೆದದ್ದನ್ನು ನೋಡಿ. ಅವು ಅರ್ಧ ಕತ್ತಲೆಯಲ್ಲಿ, ವಾರೆಯಾಗಿ ತೆಗೆದವೇ ಇರಲಿ, ತಟ್ಟೆ ನಿಜವಾಗಿ ಹೇಗೆ ಬರುತ್ತದೆ ಅಂತ ಗೊತ್ತಾಗುತ್ತದೆ. ಮೆನುವಿನ ಫೋಟೋ ಸಿಕ್ಕರೆ ಇನ್ನೂ ಒಳ್ಳೆಯದು. ಯಾರಾದರೂ ಬಿಲ್‌ನ ಫೋಟೋ ಹಾಕಿದ್ದರೆ ಅದು ಚಿನ್ನ.

ಹೋಟೆಲ್‌ಗಳಿಗೆ ನಕ್ಷತ್ರ ಕೊಡುವ ಕೈಪಿಡಿ ಮಿಶೆಲಿನ್ ಗೈಡ್ ಇರುವ ನಗರವಾದರೆ ನಕ್ಷತ್ರದ ಪಟ್ಟಿ ಬಿಟ್ಟು 'ಬಿಬ್ ಗುರ್ಮಾಂಡ್' ಪಟ್ಟಿ ತೆರೆಯಿರಿ. ಹದವಾದ ಬೆಲೆಗೆ ಒಳ್ಳೆಯ ಊಟ ಕೊಡುವ ಜಾಗಗಳಿಗೆ ಅಂತಲೇ 1997ರಲ್ಲಿ ಶುರುವಾದ ಪಟ್ಟಿ ಅದು. ಪಿಜ್ಜಾಗೆ ಇನ್ನೊಂದು ದಾರಿ ಇದೆ. ನೇಪಲ್ಸ್‌ನಲ್ಲಿ 1984ರಲ್ಲಿ ಹುಟ್ಟಿದ 'ಅಸೋಸಿಯಾಟ್ಸಿಯೊನೆ ವೆರಾಚೆ ಪಿಜ್ಜಾ ನಾಪೊಲೆತಾನಾ' ಎಂಬ ಸಂಘ ತನ್ನ ನಿಯಮದಂತೆ ಪಿಜ್ಜಾ ಮಾಡುವ ಅಂಗಡಿಗಳಿಗೆ ಸದಸ್ಯತ್ವ ಕೊಡುತ್ತದೆ. ಆ ಸದಸ್ಯರು ಜಗತ್ತಿನ ನಾನಾ ದೇಶಗಳಲ್ಲಿದ್ದಾರೆ, ಸಂಘದ ತಾಣದಲ್ಲಿ ಊರಿನ ಹೆಸರು ಹಾಕಿ ಹುಡುಕಬಹುದು. ಪಟ್ಟಿಯಲ್ಲಿ ಇಲ್ಲದ ಒಳ್ಳೆಯ ಪಿಜ್ಜೇರಿಯಾಗಳು ಬೇಕಾದಷ್ಟಿವೆ, ಆದರೆ ಗುರುತು ಪರಿಚಯ ಇಲ್ಲದ ಊರಿನಲ್ಲಿ ಎಲ್ಲಿಂದ ಶುರು ಮಾಡುವುದು ಅನ್ನುವುದಕ್ಕೆ ಇದು ಸಾಕು.

ಇನ್ನು ಜಾಗದ ಬಗ್ಗೆ. ಪ್ರವಾಸಿಗಳು ತುಂಬಿದ ಚೌಕ, ನದಿ ಕಾಣುವ ಮಹಡಿ, ದೊಡ್ಡ ಮಾಲ್, ಇಲ್ಲೆಲ್ಲ ನೀವು ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಬಾಡಿಗೆಗೆ ಹೋಗುತ್ತದೆ. ಅಲ್ಲಿಂದ ಎರಡು ಮೂರು ಬೀದಿ ಒಳಗೆ ನಡೆಯಿರಿ. ಜನ ವಾಸ ಮಾಡುವ ಬೀದಿಯಲ್ಲಿ, ಅಥವಾ ಕಚೇರಿಗಳ ಹಿಂದಿನ ಬೀದಿಯಲ್ಲಿ ಇರುವ ಹೋಟೆಲ್‌ಗೆ ಅದೇ ಗಿರಾಕಿ ಮತ್ತೆ ಬಂದರೆ ಮಾತ್ರ ಜೀವನ. ಪ್ರವಾಸಿಯನ್ನು ನಂಬಿದ ಹೋಟೆಲ್‌ಗೆ ನೀವು ಮತ್ತೆ ಬಾರದಿದ್ದರೂ ನಷ್ಟವಿಲ್ಲ. ಬಾಗಿಲಲ್ಲಿ ನಿಂತು ಕೈಹಿಡಿದು ಒಳಗೆ ಕರೆಯುವವರು, ಆರು ಭಾಷೆಯ ಮೆನು, ಪ್ರತಿ ತಿನಿಸಿಗೂ ಹೊಳೆಯುವ ಫೋಟೋ, ಈ ಮೂರೂ ಒಟ್ಟಿಗೆ ಕಂಡರೆ ನಾನು ನಿಲ್ಲದೆ ಮುಂದೆ ಹೋಗುತ್ತೇನೆ.

ಮೆನು ಓದುವುದು

ಮೆನು ಎಷ್ಟು ಉದ್ದ ಇದೆ? ಎಂಟು ಹತ್ತು ಪಾಸ್ತಾ ಇದ್ದರೆ ಸರಿ. ನಲವತ್ತು ಪಾಸ್ತಾ, ಮೂವತ್ತು ಪಿಜ್ಜಾ, ಜೊತೆಗೆ ಬರ್ಗರ್, ನೂಡಲ್ಸ್ ಕೂಡ ಇದ್ದರೆ ಅಲ್ಲಿ ಅಡುಗೆಗಿಂತ ಫ್ರೀಜರ್ ದೊಡ್ಡದಿರುತ್ತದೆ. ಅಷ್ಟು ತಿನಿಸಿಗೆ ದಿನಾ ತಾಜಾ ಸಾಮಾನು ತರಿಸಿ ಖಾಲಿ ಮಾಡಲು ಯಾರಿಂದಲೂ ಆಗುವುದಿಲ್ಲ. ಇಟಲಿಗೇ ಹೋಗಿದ್ದರೆ ಮೆನುವಿನಲ್ಲಿ ಕೆಲವು ತಿನಿಸಿನ ಪಕ್ಕ ಚಿಕ್ಕ ನಕ್ಷತ್ರದ ಗುರುತು ಇರುತ್ತದೆ, ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ. ಫ್ರೀಜರ್‌ನಲ್ಲಿಟ್ಟ ಸಾಮಾನು ಬಳಸುವ ಹೋಟೆಲ್‌ನವರು ಗಿರಾಕಿಗೆ ಹೀಗೆ ತಿಳಿಸಬೇಕು. ಮೀನಿನ ಪಕ್ಕ ಅದು ಇದ್ದರೆ ದೊಡ್ಡ ತಪ್ಪೇನಲ್ಲ. ಎಲ್ಲದರ ಪಕ್ಕವೂ ಇದ್ದರೆ ಎದ್ದು ಬನ್ನಿ.

ಎರಡನೆಯದು, ಮೆನುವಿಗೆ ಒಂದು ಊರು ಇದೆಯಾ ಅಂತ ನೋಡಿ. ಇಟಲಿಯಲ್ಲಿ ಅಡುಗೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ರೋಮ್‌ನವರಾದರೆ ಕಾರ್ಬೊನಾರಾ, ಅಮಾತ್ರಿಚಾನಾ, ಗ್ರೀಚಾ, ಕಾಚೊ ಎ ಪೆಪೆ ಎಂಬ ಪಾಸ್ತಾಗಳು. ಬೊಲೊನ್ಯಾ ಕಡೆಯವರಾದರೆ ಮೊಟ್ಟೆ ಹಾಕಿ ನಾದಿದ ತಾಲಿಯಾತೆಲ್ಲೆ ಎಂಬ ಪಟ್ಟಿಯಂಥ ಪಾಸ್ತಾ, ಅದರ ಜೊತೆ ರಾಗು ಅಂದರೆ ನಿಧಾನವಾಗಿ ಬೇಯಿಸಿದ ಮಾಂಸದ ಸಾಸ್, ಸಾರಿನಲ್ಲಿ ತೇಲುವ, ಹೂರಣ ತುಂಬಿದ ತೊರ್ತೆಲ್ಲಿನಿ. ಲಿಗೂರಿಯಾದವರು ಪೆಸ್ಟೊ, ಅಂದರೆ ತುಳಸಿ ಜಾತಿಯ ಸೊಪ್ಪಿನ ಚಟ್ನಿ, ಹಾಕಿದ ಪಾಸ್ತಾಗೆ ಆಲೂಗಡ್ಡೆ, ಬೀನ್ಸ್ ಸೇರಿಸುತ್ತಾರೆ. ಸಿಸಿಲಿಯವರ ನೋರ್ಮಾ ಪಾಸ್ತಾದಲ್ಲಿ ಕರಿದ ಬದನೆಕಾಯಿ, ಮೇಲೆ ಉಪ್ಪು ಹಾಕಿದ ರಿಕೋಟಾ ಚೀಸ್. ಪುಲಿಯಾದ್ದು ಕಿವಿಯಾಕಾರದ ಒರೆಕ್ಕಿಯೆತ್ತೆ, ಕಹಿ ಸೊಪ್ಪಿನ ಜೊತೆ. ಮಿಲಾನ್‌ನದ್ದು ಕೇಸರಿ ಹಾಕಿದ ರಿಸೊಟ್ಟೊ ಎಂಬ ಅಕ್ಕಿಯ ತಿನಿಸು. ಒಂದೋ ಎರಡೋ ಪ್ರಾಂತ್ಯಕ್ಕೆ ಅಂಟಿಕೊಂಡ ಮೆನುವನ್ನು ಮಾಡಿದವರಿಗೆ ತಮ್ಮ ಕೈ ಎಲ್ಲಿ ಪಳಗಿದೆ ಅಂತ ಗೊತ್ತಿರುತ್ತದೆ.

'ಸ್ಪಗೆಟ್ಟಿ ಬೊಲೊನೀಸ್' ಕಂಡ ಕೂಡಲೇ ಮೂಗು ಮುರಿಯುವವರಿದ್ದಾರೆ. ಬೊಲೊನ್ಯಾದಲ್ಲಿ ರಾಗುವನ್ನು ಸ್ಪಗೆಟ್ಟಿ ಜೊತೆ ಬಡಿಸುವ ರೂಢಿ ಇಲ್ಲ ಅನ್ನುವುದು ನಿಜ. 1982ರಲ್ಲಿ ಇಟಾಲಿಯನ್ ಅಡುಗೆಯ ಅಕಾಡೆಮಿ ಬೊಲೊನ್ಯಾದ ವಾಣಿಜ್ಯ ಮಂಡಳಿಯಲ್ಲಿ ಆ ರಾಗುವಿನ ಪಾಕವನ್ನು ದಾಖಲೆ ಮಾಡಿಸಿತು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಆದರೂ ಈ ಒಂದು ಸಾಲಿಗಾಗಿ ನಾನು ಹೋಟೆಲ್ ಬಿಡುವುದಿಲ್ಲ. ಮಕ್ಕಳು ಕೇಳುತ್ತಾರೆ ಅಂತ ಇಟ್ಟಿರುತ್ತಾರೆ. ಹಾಗೆಯೇ ಬೆಣ್ಣೆ ಮತ್ತು ಪಾರ್ಮಿಜಾನೊ ಚೀಸ್ ಮಾತ್ರ ಹಾಕಿದ ರೋಮ್‌ನ ಫೆತ್ತುಚೀನೆ ಪಾಸ್ತಾ ಅಮೆರಿಕಕ್ಕೆ ಹೋಗಿ ಕ್ರೀಮ್ ತುಂಬಿದ ಆಲ್ಫ್ರೆಡೊ ಆಯಿತು. ಇಟಲಿಯಿಂದ ವಲಸೆ ಹೋದವರು ಹೊಸ ನಾಡಿನಲ್ಲಿ ಕಟ್ಟಿದ ಅಡುಗೆಗೂ ಮರ್ಯಾದೆ ಇದೆ. ಅದನ್ನು ಚೆನ್ನಾಗಿ ಮಾಡುವ ಜಾಗ ಸಿಕ್ಕರೆ ಸಂತೋಷವಾಗಿ ತಿನ್ನಿ.

ಕಾರ್ಬೊನಾರಾದಲ್ಲಿ ಕ್ರೀಮ್ ಇದ್ದರೆ ಮಾತ್ರ ನನಗೆ ಸಂಶಯ ಬರುತ್ತದೆ. ಅದಕ್ಕೆ ಬೇಕಾದ್ದು ಮೊಟ್ಟೆ, ಪೆಕೊರಿನೊ ಚೀಸ್, ಕರಿಮೆಣಸು, ಹಂದಿ ಕೆನ್ನೆಯ ಮಾಂಸದ ಗ್ವಾಂಚಾಲೆ. ಬಿಸಿ ಪಾಸ್ತಾ ಮೇಲೆ ಮೊಟ್ಟೆ ಒಡೆದು ಗಟ್ಟಿಯಾಗದಂತೆ, ಹಸಿಯಾಗಿಯೂ ಉಳಿಯದಂತೆ ಕಲಸಲು ಕೈ ಪಳಗಿರಬೇಕು. ಕ್ರೀಮ್ ಹಾಕಿದರೆ ಆ ಭಯ ಇಲ್ಲ. ಅಂದರೆ ಅದು ಕೆಲಸ ಹಗುರ ಮಾಡಿಕೊಳ್ಳುವ ಉಪಾಯ, ಮತ್ತು ಅದೇ ಉಪಾಯ ಮೆನುವಿನ ಬೇರೆ ಕಡೆಯೂ ಇರುತ್ತದೆ.

ಟ್ರಫಲ್ ಬಗ್ಗೆ ಒಂದು ಮಾತು. ವರ್ಷವಿಡೀ, ಫ್ರೆಂಚ್ ಫ್ರೈಸ್‌ನಿಂದ ಹಿಡಿದು ಪಿಜ್ಜಾ ತನಕ ಎಲ್ಲದರಲ್ಲೂ 'ಟ್ರಫಲ್' ಅಂತ ಬರೆದಿದ್ದರೆ ಅದು ಎಣ್ಣೆ. ಟ್ರಫಲ್ ಎಣ್ಣೆಗಳಲ್ಲಿ ಹೆಚ್ಚಿನವುಗಳ ಘಮ ಬರುವುದು ಲ್ಯಾಬಿನಲ್ಲಿ ಮಾಡಿದ ಸುವಾಸನೆಯಿಂದ. ಬಿಳಿ ಟ್ರಫಲ್ ಸಿಗುವುದು ಶರತ್ಕಾಲದಿಂದ ಚಳಿಗಾಲದ ಶುರುವಿನ ತನಕ ಮಾತ್ರ, ಬೆಲೆಯೂ ವಿಪರೀತ. ಹದವಾದ ಬೆಲೆಯ ಊಟ ಹುಡುಕುವವರು ಈ ಸಾಲನ್ನು ದಾಟಿ ಹೋಗಬಹುದು. ಬಾಲ್ಸಾಮಿಕ್ ವಿನೆಗರ್‌ನದ್ದೂ ಇದೇ ಕಥೆ. ಮೋದೆನಾದ 'ಟ್ರಡಿಟ್ಸಿಯೊನಾಲೆ' ಕನಿಷ್ಠ 12 ವರ್ಷ ಮರದ ಪೀಪಾಯಿಯಲ್ಲಿ ಕೂತದ್ದು, ಹನಿ ಲೆಕ್ಕದಲ್ಲಿ ಹಾಕುವಂಥದ್ದು. ಸಲಾಡ್ ಮೇಲೆ ಧಾರಾಳವಾಗಿ ಗೀಚಿ ತರುವುದು ಅದಲ್ಲ. ಸಾದಾ ವಿನೆಗರ್ ತಿನ್ನಲು ತೊಂದರೆ ಇಲ್ಲ, ಅದಕ್ಕೆ ಜಾಸ್ತಿ ಬೆಲೆ ಕೊಡಬೇಡಿ ಅಷ್ಟೇ.

ತಟ್ಟೆ ಬಂದಾಗ

ಈಗ ಆ ಅಗ್ಗದ ಪಾಸ್ತಾಗೆ ಬರೋಣ. ಟೊಮೆಟೊ ಸ್ಪಗೆಟ್ಟಿ ತರಿಸಿದ್ದೀರಿ ಅಂದುಕೊಳ್ಳಿ. ಮೊದಲು ಗಡಿಯಾರ ನೋಡಿ. ಒಣ ಸ್ಪಗೆಟ್ಟಿ ಬೇಯಲು ಎಂಟರಿಂದ ಹನ್ನೊಂದು ನಿಮಿಷ ಬೇಕು. ನಾಲ್ಕೇ ನಿಮಿಷಕ್ಕೆ ತಟ್ಟೆ ಮೇಜಿಗೆ ಬಂದರೆ ಪಾಸ್ತಾ ಮೊದಲೇ ಬೆಂದಿದೆ ಅಂತ ಅರ್ಥ. ನನ್ನ ಗೆಳೆಯನೊಬ್ಬ ಕೆಲವು ವರ್ಷ ಇಟಾಲಿಯನ್ ಅಡುಗೆಮನೆಯಲ್ಲಿ ಪಾಸ್ತಾ ಒಲೆ ನೋಡಿಕೊಳ್ಳುತ್ತಿದ್ದ. ಅವನು ಹೇಳುವ ಪ್ರಕಾರ ಜನ ಕಿಕ್ಕಿರಿದ ರಾತ್ರಿ ಅರ್ಧ ಬೇಯಿಸಿಟ್ಟು, ಆರ್ಡರ್ ಬಂದಾಗ ಸಾಸ್‌ನಲ್ಲಿ ಪೂರ್ತಿ ಬೇಯಿಸುವ ಒಳ್ಳೆಯ ಹೋಟೆಲ್‌ಗಳೂ ಇವೆ. ಅದು ತಪ್ಪಲ್ಲ. ಬೆಳಿಗ್ಗೆ ಪೂರ್ತಿ ಬೇಯಿಸಿ, ಎಣ್ಣೆ ಸವರಿ ಡಬ್ಬಿಯಲ್ಲಿಟ್ಟು, ರಾತ್ರಿ ಬಿಸಿನೀರಿಗೆ ಅದ್ದಿ ಕೊಡುವುದು ತಪ್ಪು. ಎರಡರ ವ್ಯತ್ಯಾಸ ಬಾಯಿಗೆ ಗೊತ್ತಾಗುತ್ತದೆ.

ಒಂದು ಎಳೆಯನ್ನು ಹಲ್ಲಿನಿಂದ ಕತ್ತರಿಸಿ, ಕತ್ತರಿಸಿದ ತುದಿಯನ್ನು ನೋಡಿ. ಒಣ ಪಾಸ್ತಾ ಹದವಾಗಿ ಬೆಂದಿದ್ದರೆ ನಡುವೆ ಸೂಜಿ ಮೊನೆಯಷ್ಟು ತಿಳಿ ಬಣ್ಣದ ಚುಕ್ಕೆ ಕಾಣುತ್ತದೆ. ಕಚ್ಚಿದಾಗ ಸ್ವಲ್ಪ ಎದುರು ಒತ್ತಿದಂತೆ ಆಗಬೇಕು. ಚುಕ್ಕೆ ದೊಡ್ಡದಾಗಿ, ಹಿಟ್ಟಿನ ರುಚಿ ಬಂದರೆ ಬೆಂದಿಲ್ಲ. ಚುಕ್ಕೆಯೇ ಇಲ್ಲದೆ ನಾಲಿಗೆಯಿಂದ ಒತ್ತಿದರೆ ಮುದ್ದೆಯಾಗುವಂತಿದ್ದರೆ ಹೊತ್ತು ಮೀರಿದೆ.

ಆಮೇಲೆ ಫೋರ್ಕ್‌ಗೆ ಒಂದಷ್ಟು ಸುತ್ತಿ ಮೇಲೆತ್ತಿ. ಸಾಸ್ ಎಳೆಗಳ ಜೊತೆಗೇ ಮೇಲೆ ಬರುತ್ತದೆಯೋ, ತಟ್ಟೆಯಲ್ಲೇ ಉಳಿಯುತ್ತದೆಯೋ? ಸರಿಯಾಗಿ ಮಾಡುವವರು ಪಾಸ್ತಾವನ್ನು ನೀರಿನಿಂದ ಎರಡು ನಿಮಿಷ ಮುಂಚೆಯೇ ತೆಗೆದು, ಸಾಸ್ ಇರುವ ಬಾಣಲೆಗೆ ಹಾಕಿ, ಬೇಯಿಸಿದ ನೀರನ್ನೇ ಒಂದು ಸೌಟು ಸೇರಿಸಿ ಕುದಿಸುತ್ತಾರೆ. ಆ ನೀರಿನಲ್ಲಿರುವ ಗಂಜಿ ಎಣ್ಣೆಯನ್ನೂ ಟೊಮೆಟೊ ರಸವನ್ನೂ ಒಂದಾಗಿ ಹಿಡಿದಿಡುತ್ತದೆ. ಹೀಗೆ ಮಾಡಿದ ತಟ್ಟೆ ಖಾಲಿಯಾದಾಗ ಅಡಿಯಲ್ಲಿ ತೆಳುವಾದ ಕೆಂಪು ಲೇಪ ಮಾತ್ರ ಇರುತ್ತದೆ. ಬರೀ ಬೇಯಿಸಿದ ಪಾಸ್ತಾ ಮೇಲೆ ಸಾಸ್ ಸುರಿದದ್ದಾದರೆ ಮೇಲೆ ಗುಡ್ಡೆ, ಕೆಳಗೆ ಕೆಂಪು ನೀರು, ನಡುವೆ ಬಿಳಿ ಎಳೆಗಳು. ಒಂದು ಹೋಟೆಲ್‌ನ ಬಗ್ಗೆ ತೀರ್ಮಾನಕ್ಕೆ ಬರಲು ನನಗೆ ಈ ತಟ್ಟೆಯ ಅಡಿ ಸಾಕು.

ಕಾಚೊ ಎ ಪೆಪೆ ಇನ್ನೂ ಕಠಿಣ ಪರೀಕ್ಷೆ. ಪಾಸ್ತಾ, ಪೆಕೊರಿನೊ ರೊಮಾನೊ, ಕರಿಮೆಣಸು, ಮುಗಿಯಿತು. ಬೆಣ್ಣೆ ಇಲ್ಲ, ಕ್ರೀಮ್ ಇಲ್ಲ. ಬಾಣಲೆ ಸ್ವಲ್ಪ ಜಾಸ್ತಿ ಬಿಸಿಯಾದರೂ ಚೀಸ್ ಉಂಡೆಗಟ್ಟಿ ರಬ್ಬರ್ ಆಗುತ್ತದೆ. ನುಣ್ಣಗೆ ಹೊಳೆಯುವ ಸಾಸ್, ಮೇಲೆ ಆಗ ತಾನೇ ಕುಟ್ಟಿದ ಮೆಣಸಿನ ಘಮ, ಇಷ್ಟು ಸಿಕ್ಕಿತಾ? ಆ ಹೋಟೆಲ್‌ನ ಹೆಸರು ಬರೆದಿಟ್ಟುಕೊಳ್ಳಿ.

'ನಮ್ಮಲ್ಲಿ ತಾಜಾ ಪಾಸ್ತಾ' ಅಂತ ಬೋರ್ಡ್ ಹಾಕಿ ಜಾಸ್ತಿ ಬೆಲೆ ತೆಗೆದುಕೊಳ್ಳುವವರಿದ್ದಾರೆ. ತಾಜಾ ಅಂದರೆ ಮೇಲು, ಒಣಗಿದ್ದು ಅಂದರೆ ಕೀಳು ಅನ್ನುವ ಲೆಕ್ಕ ಇಟಲಿಯಲ್ಲಿ ಇಲ್ಲ. ಮೊಟ್ಟೆ ಹಾಕಿದ ತಾಜಾ ಪಾಸ್ತಾ ಬೆಣ್ಣೆಗೆ, ಮಾಂಸದ ರಾಗುವಿಗೆ ಹೊಂದುತ್ತದೆ. ಟೊಮೆಟೊ, ಎಣ್ಣೆ ಬೆಳ್ಳುಳ್ಳಿ, ಮೀನು ಸಿಗಡಿಗೆ ಒಣ ಪಾಸ್ತಾವೇ ಚೆಂದ. ನೇಪಲ್ಸ್ ಹತ್ತಿರದ ಗ್ರಾನ್ಯಾನೊ ಊರಿನ ಒಣ ಪಾಸ್ತಾವನ್ನು ಕಂಚಿನ ಅಚ್ಚಿನಿಂದ ಒತ್ತಿ ತೆಗೆಯುತ್ತಾರೆ. ಮೈ ಒರಟಾಗಿರುವುದರಿಂದ ಸಾಸ್ ಚೆನ್ನಾಗಿ ಹಿಡಿಯುತ್ತದೆ. ಅಂಥದ್ದನ್ನು ಬಳಸುವ ಹೋಟೆಲ್‌ನವರು ಅದನ್ನು ಮೆನುವಿನಲ್ಲಿ ಹೆಮ್ಮೆಯಿಂದ ಬರೆದಿರುತ್ತಾರೆ.

ರಿಸೊಟ್ಟೊ ಬೇಕಾದರೆ ಕೇಳಿ ನೋಡಿ. 'ಇಪ್ಪತ್ತು ನಿಮಿಷ ಆಗುತ್ತದೆ' ಅಥವಾ 'ಇಬ್ಬರಿಗಾದರೆ ಮಾತ್ರ ಮಾಡುತ್ತೇವೆ' ಅಂದರೆ ಬೇಜಾರಾಗಬೇಡಿ, ಆಗ ತಾನೇ ಮಾಡುತ್ತಾರೆ ಅಂತ ಅರ್ಥ.

ಪಿಜ್ಜಾದ ಲೆಕ್ಕವೇ ಬೇರೆ

ಪಿಜ್ಜಾ ಬೇಗ ಬಂದರೆ ಒಳ್ಳೆಯ ಲಕ್ಷಣ. ನೇಪಲ್ಸ್ ಶೈಲಿಯ ಒಲೆಯ ಬಿಸಿ 430 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಬೇಯುವ ಹೊತ್ತು 60ರಿಂದ 90 ಸೆಕೆಂಡ್. ಹೊತ್ತು ಹಿಡಿಯುವುದು ಅದಕ್ಕೂ ಮುಂಚಿನ ಕೆಲಸಕ್ಕೆ, ಅಂದರೆ ಹಿಟ್ಟು ಹುದುಗಲು. ಒಂದು ದಿನ, ಕೆಲವು ಕಡೆ ಅದಕ್ಕಿಂತಲೂ ಜಾಸ್ತಿ ಹುದುಗಿಸುತ್ತಾರೆ. ಅವಸರದಲ್ಲಿ ಮಾಡಿದ ಹಿಟ್ಟಿನ ಪಿಜ್ಜಾ ತಿಂದರೆ ಹೊಟ್ಟೆ ಭಾರ, ರಾತ್ರಿಯಿಡೀ ಬಾಯಾರಿಕೆ. ಹಿಟ್ಟು ಎಷ್ಟು ಹೊತ್ತು ಹುದುಗುತ್ತದೆ ಅಂತ ಪಿಜ್ಜಾ ತಟ್ಟುವವರನ್ನೇ ಕೇಳಿ. ಕೆಲಸ ಗೊತ್ತಿರುವವರು ಈ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ. ನೇಪಲ್ಸ್‌ನ ಪಿಜ್ಜಾ ಮಾಡುವವರ ಈ ಕಲೆಯನ್ನು 2017ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ನಿಜವಾಗಿಯೂ ಕೈಯಲ್ಲಿರುವ ವಿದ್ಯೆ.

ತರಿಸಬೇಕಾದ್ದು ಮಾರ್ಗರಿಟಾ. ಇನ್ನೂ ಅಗ್ಗದ್ದು ಬೇಕಾದರೆ ಮಾರಿನಾರಾ. ಅದರಲ್ಲಿ ಟೊಮೆಟೊ, ಬೆಳ್ಳುಳ್ಳಿ, ಓರೆಗಾನೊ, ಎಣ್ಣೆ ಇಷ್ಟೇ, ಚೀಸ್ ಇಲ್ಲ. ಚೀಸ್‌ನ ಮರೆ ಇಲ್ಲದ್ದರಿಂದ ಹಿಟ್ಟು, ಟೊಮೆಟೊ ಎರಡರ ಬಂಡವಾಳವೂ ಬಯಲಾಗುತ್ತದೆ. ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಇರಬೇಕು. ಒಂದು ತುಂಡನ್ನು ಎತ್ತಿ ಅಡಿ ನೋಡಿ. ಅಲ್ಲೂ ಚುಕ್ಕೆ ಇರಬೇಕು, ಬಿಳಿಚಿಕೊಂಡಿರಬಾರದು. ನೇಪಲ್ಸ್ ಪಿಜ್ಜಾದ ನಡುಭಾಗ ಮೆತ್ತಗೆ, ಸ್ವಲ್ಪ ಒದ್ದೆ ಇರುವುದು ಸಹಜ, ಅದನ್ನು ಬೆಂದಿಲ್ಲ ಅಂತ ವಾಪಸ್ ಕಳಿಸಬೇಡಿ. ಗರಿಗರಿ ಬೇಕು ಅನ್ನುವವರು ರೋಮ್ ಶೈಲಿಯ ತೆಳು ಪಿಜ್ಜಾ ಮಾಡುವ ಕಡೆ ಹೋಗಿ.

ಮಾಂಸ, ಮೊಟ್ಟೆ ತಿನ್ನದವರಿಗೆ

ನನ್ನ ತಂಗಿ ಮಾಂಸ ಮೀನು ಮುಟ್ಟುವುದಿಲ್ಲ. ಅವಳ ಜೊತೆ ಹೋಗಿ ಹೋಗಿ ಈ ವಿಷಯ ನನಗೆ ಬಾಯಿಪಾಠ ಆಗಿದೆ. ಇಟಾಲಿಯನ್ ಊಟ ತರಕಾರಿಯವರಿಗೆ ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಮುಕ್ಕಾಲು ಪಾಲು ನಿಜ, ಉಳಿದ ಕಾಲು ಪಾಲನ್ನು ಯಾರೂ ಹೇಳುವುದಿಲ್ಲ.

ಪಾರ್ಮಿಜಾನೊ ರೆಜ್ಜಾನೊ ಮಾಡಲು ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಪೆಕೊರಿನೊ ರೊಮಾನೊಗೆ ಕುರಿಮರಿಯದ್ದು. ಆ ಹೆಸರು ಹಾಕಿಕೊಳ್ಳಬೇಕಾದರೆ ಇದೇ ಕ್ರಮ ಅನುಸರಿಸಬೇಕು ಅಂತ ನಿಯಮವೇ ಇದೆ. ಪೆಸ್ಟೊದಲ್ಲೂ ಚೀಸ್ ಇರುತ್ತದೆ. ಇದು ನಿಮಗೆ ಬೇಡವಾದರೆ ಚೀಸ್ ಹಾಕದೆ ಕೊಡಿ ಅನ್ನಿ, ಅಥವಾ ಸಸ್ಯದಿಂದ ಮಾಡಿದ ರೆನೆಟ್ ಬಳಸಿದ ಚೀಸ್ ಇದೆಯಾ ಅಂತ ಕೇಳಿ. ರಿಸೊಟ್ಟೊ ಮತ್ತು ತರಕಾರಿ ಸೂಪ್‌ಗೆ ಮಾಂಸದ ಸಾರು ಹಾಕಿರಬಹುದು. ಪುಟ್ಟನೆಸ್ಕಾ ಎಂಬ ಟೊಮೆಟೊ ಸಾಸ್‌ನಲ್ಲಿ ಆಂಚೊವಿ ಮೀನು ಕರಗಿ ಕಾಣದಂತೆ ಇರಬಹುದು. ಪನ್ನಾ ಕೋಟಾ ಎಂಬ ಕ್ರೀಮ್ ಸಿಹಿಯನ್ನು ಗಟ್ಟಿ ಮಾಡುವುದು ಜೆಲಟಿನ್, ಅದೂ ಪ್ರಾಣಿಯದ್ದೇ.

ಮೊಟ್ಟೆ ಬೇಡದವರು ತಾಲಿಯಾತೆಲ್ಲೆ, ಲಜಾನ್ಯಾ, ರವಿಯೋಲಿ ಬಗ್ಗೆ ಕೇಳಿ ತರಿಸಿ. ಸಾದಾ ಒಣ ಸ್ಪಗೆಟ್ಟಿ, ಪೆನ್ನೆ ಇವುಗಳಲ್ಲಿ ಗಟ್ಟಿ ಗೋಧಿಯ ರವೆ, ನೀರು ಅಷ್ಟೇ. ಒರೆಕ್ಕಿಯೆತ್ತೆ ಕೂಡ ರೂಢಿಯಲ್ಲಿ ಮೊಟ್ಟೆ ಇಲ್ಲದ್ದು. ನೇಪಲ್ಸ್ ಪಿಜ್ಜಾದ ಹಿಟ್ಟಿನಲ್ಲಿ ಹಿಟ್ಟು, ನೀರು, ಉಪ್ಪು, ಯೀಸ್ಟ್ ಬಿಟ್ಟು ಬೇರೇನಿಲ್ಲ. ತಿರಾಮಿಸು ಎಂಬ ಸಿಹಿಯಲ್ಲಿ ಹಸಿ ಮೊಟ್ಟೆ ಇರುತ್ತದೆ.

ಈ ಪ್ರಶ್ನೆಗಳಿಗೆ ವೇಯ್ಟರ್ ಹೇಗೆ ಉತ್ತರ ಕೊಡುತ್ತಾರೆ ಅನ್ನುವುದೂ ಹೋಟೆಲ್‌ನ ಗುಣ ತೋರಿಸುತ್ತದೆ. ಗೊತ್ತಿಲ್ಲದಿದ್ದರೆ ಒಳಗೆ ಹೋಗಿ ಕೇಳಿಕೊಂಡು ಬರುವವರು ಒಳ್ಳೆಯವರು. ಸುಮ್ನೆ 'ಏನೂ ಇಲ್ಲ, ತಿನ್ನಿ' ಅನ್ನುವವರ ಹತ್ತಿರ ನನ್ನ ತಂಗಿ ಏನನ್ನೂ ತರಿಸುವುದಿಲ್ಲ. ಅವಳು ಮಾಡುವುದು ಸರಿ.

ಬಿಲ್ ಹೇಗೆ ಬೆಳೆಯುತ್ತದೆ

ಹೋಟೆಲ್ ಕೆಲಸದವರ ರೂಢಿಯ ಲೆಕ್ಕದಲ್ಲಿ ಸಾಮಾನಿನ ಖರ್ಚು ತಿನಿಸಿನ ಬೆಲೆಯ ಸುಮಾರು ಮೂರನೇ ಒಂದು ಭಾಗ. ಪಾಸ್ತಾ, ಪಿಜ್ಜಾದಲ್ಲಿ ಇನ್ನೂ ಕಡಿಮೆ. ಉಳಿದದ್ದು ಸಂಬಳ, ಬಾಡಿಗೆ, ಗ್ಯಾಸ್, ಕರೆಂಟು, ಲಾಭ. ಹಾಗಾಗಿ ಟೊಮೆಟೊ ಪಾಸ್ತಾದ ಬೆಲೆ ನೋಡಿದರೆ ಆ ಹೋಟೆಲ್ ಬಾಡಿಗೆಗೆ, ಅಲಂಕಾರಕ್ಕೆ ಎಷ್ಟು ಕೇಳುತ್ತಿದೆ ಅಂತ ಅಂದಾಜು ಸಿಗುತ್ತದೆ. ಒಂದೇ ಬಡಾವಣೆಯ ಮೂರು ನಾಲ್ಕು ಹೋಟೆಲ್‌ಗಳ ಮಾರ್ಗರಿಟಾ ಬೆಲೆ ಹೋಲಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ. ಅತಿ ಅಗ್ಗದ್ದೇ ಆರಿಸಬೇಕು ಅಂತಿಲ್ಲ. ಒಳ್ಳೆಯ ಟೊಮೆಟೊ, ಒಳ್ಳೆಯ ಎಣ್ಣೆ, ಅಡುಗೆಯವರಿಗೆ ಸರಿಯಾದ ಸಂಬಳ, ಇವಕ್ಕೆ ದುಡ್ಡು ಕೊಡುವುದು ನ್ಯಾಯ. ನಾನು ನಡುವಿನ ಬೆಲೆಯವರ ಹತ್ತಿರ ಹೋಗುತ್ತೇನೆ.

ಬಿಲ್ ದಿಢೀರ್ ಅಂತ ಏರುವುದು ಕೆಲವೇ ಜಾಗಗಳಲ್ಲಿ. ಮೊದಲನೆಯದು ನೀರು ಮತ್ತು ವೈನ್. ವೈನ್ ಕುಡಿಯುವವರು ಹೌಸ್ ವೈನ್, ಅಂದರೆ ಆ ಹೋಟೆಲ್‌ನ ಸಾದಾ ವೈನ್, ಇದೆಯಾ ಅಂತ ಕೇಳಿ. ಕಾಲು ಲೀಟರ್, ಅರ್ಧ ಲೀಟರ್ ಹೂಜಿಯಲ್ಲಿ ಕೊಡುತ್ತಾರೆ, ಬಾಟಲಿಗಿಂತ ಬಹಳ ಅಗ್ಗ. ಎರಡನೆಯದು 'ಕೊಪೆರ್ತೊ'. ಇಟಲಿಯ ಅನೇಕ ಕಡೆ ತಲೆಗೆ ಇಷ್ಟು ಅಂತ ಬಿಲ್‌ಗೆ ಸೇರುವ ಚಿಕ್ಕ ಮೊತ್ತ ಇದು. ಮೆನುವಿನಲ್ಲಿ ಬರೆದಿರಬೇಕು, ಬರೆದಿದ್ದರೆ ಅದು ಮೋಸ ಅಲ್ಲ. ಬೇರೆ ದೇಶಗಳಲ್ಲಿ ಸರ್ವಿಸ್ ಚಾರ್ಜ್, ಬ್ರೆಡ್ ಚಾರ್ಜ್ ಅಂತ ಬರಬಹುದು. ಕೂತ ಕೂಡಲೇ ಮೆನುವಿನ ಕೊನೆಯ ಸಣ್ಣ ಅಕ್ಷರ ಓದಿ.

ಮೂರನೆಯದೇ ದೊಡ್ಡದು, ತೂಕದ ಮೇಲೆ ಮಾರುವ ಮೀನು ಮತ್ತು ಮಾಂಸ. ಮೆನುವಿನಲ್ಲಿ ಕಾಣುವ ಬೆಲೆ 100 ಗ್ರಾಂಗೆ ಇರುತ್ತದೆ, ಇಟಲಿಯಲ್ಲಿ ಅದನ್ನು 'ಎತ್ತೊ' ಅಂತ ಬರೆಯುತ್ತಾರೆ. ಫ್ಲೋರೆನ್ಸ್ ಶೈಲಿಯ ದಪ್ಪ ಬೀಫ್ ಸ್ಟೇಕ್ ಒಂದು ಕಿಲೋ ದಾಟುವುದು ಸಾಮಾನ್ಯ. ಅಂದರೆ ಮೆನುವಿನಲ್ಲಿ ಕಂಡದ್ದರ ಹತ್ತು ಪಟ್ಟಿಗೂ ಜಾಸ್ತಿ. ಪಕ್ಕದ ಮೇಜಿನ ಒಂದು ಸಂಸಾರ ಇಡೀ ಮೀನು ತರಿಸಿ, ಬಿಲ್ ಬಂದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಅವರಿಗೆ ತೂಕದ ವಿಷಯ ಯಾರೂ ಹೇಳಿರಲಿಲ್ಲ. ನನಗೆ ಇವತ್ತಿಗೂ ಅದು ಅನ್ಯಾಯ ಅನ್ನಿಸುತ್ತದೆ. ಇಂಥದ್ದನ್ನು ತರಿಸುವ ಮುಂಚೆ, 'ತೂಕ ಮಾಡಿ ಒಟ್ಟು ಎಷ್ಟಾಗುತ್ತದೆ ಹೇಳಿ' ಅನ್ನಿ. ಇದರಲ್ಲಿ ಸಂಕೋಚ ಬೇಡ. 'ಇವತ್ತಿನ ವಿಶೇಷ' ಅಂತ ಬಾಯಲ್ಲಿ ಮಾತ್ರ ಹೇಳುವ ತಿನಿಸುಗಳಿಗೂ ಹೀಗೆಯೇ ಬೆಲೆ ಕೇಳಿ.

ಎಲ್ಲ ಹಂತವನ್ನೂ ತರಿಸಬೇಕು ಅಂತ ಯಾವ ಕಾನೂನೂ ಇಲ್ಲ. ಅಂಟಿಪಾಸ್ಟಿ (ಶುರುವಿನ ತಿನಿಸು), ಪ್ರೀಮಿ (ಪಾಸ್ತಾ, ರಿಸೊಟ್ಟೊ), ಸೆಕೊಂಡಿ (ಮಾಂಸ, ಮೀನು), ಕೊಂಟೊರ್ನಿ (ಪಕ್ಕದ ತರಕಾರಿ), ದೊಲ್ಚಿ (ಸಿಹಿ) ಅಂತ ಮೆನು ಐದು ಭಾಗ ಆಗಿರುತ್ತದೆ. ಇಬ್ಬರು ಹೋದರೆ ನಾನು ಮಾಡುವುದು ಹೀಗೆ. ಒಂದು ಅಂಟಿಪಾಸ್ಟೊ ಹಂಚಿಕೊಳ್ಳುವುದು, ತಲೆಗೊಂದು ಪಾಸ್ತಾ, ಕೊನೆಗೆ ಒಂದು ಸಿಹಿ, ಎರಡು ಚಮಚ. ಸೆಕೊಂಡಿ ಬಿಟ್ಟರೆ ಬಿಲ್ ಚೆನ್ನಾಗಿ ಇಳಿಯುತ್ತದೆ, ಹೊಟ್ಟೆಗೂ ಸಾಕಾಗುತ್ತದೆ.

ದುಬಾರಿ ಅಂತ ಹೆಸರಾದ ಹೋಟೆಲ್‌ಗೆ ಹೋಗಬೇಕು ಅಂತ ಆಸೆ ಇದ್ದರೆ ಮಧ್ಯಾಹ್ನ ಹೋಗಿ. ಕೆಲಸದ ದಿನಗಳಲ್ಲಿ ಕಚೇರಿಯವರಿಗಾಗಿ ನಿಗದಿ ಬೆಲೆಯ ಊಟ ಇಡುವ ರೂಢಿ ಇಟಲಿಯಲ್ಲೂ ಇದೆ, ಬೇರೆ ದೊಡ್ಡ ನಗರಗಳಲ್ಲೂ ಇದೆ. ಅಡುಗೆಮನೆ ಅದೇ, ಬೆಲೆ ರಾತ್ರಿಗಿಂತ ಎಷ್ಟೋ ಕಡಿಮೆ. ಟ್ರಾಟೊರಿಯಾ, ಓಸ್ಟೆರಿಯಾ ಅನ್ನುವ ಹೆಸರು ಕಂಡರೆ ಅಗ್ಗ ಅಂದುಕೊಳ್ಳಬೇಡಿ. ಒಂದು ಕಾಲದಲ್ಲಿ ಅವು ಸಾದಾ ಊಟದ ಮನೆಗಳು. ಈಗ ತುಂಬಾ ದುಬಾರಿ ಜಾಗಗಳೂ ಆ ಹೆಸರು ಇಟ್ಟುಕೊಳ್ಳುತ್ತವೆ.

ಮೊದಲ ಸಲ ಹೋದಾಗ ಸಿಹಿಗೆ ತಿರಾಮಿಸು ತರಿಸಿ. ಮಸ್ಕಾರ್ಪೋನೆ ಎಂಬ ಮೆತ್ತನೆಯ ಚೀಸ್, ಮೊಟ್ಟೆ, ಸಕ್ಕರೆ, ಕಾಫಿಯಲ್ಲಿ ಅದ್ದಿದ ಬಿಸ್ಕೆಟ್, ಮೇಲೆ ಕೋಕೊ ಪುಡಿ. ಚಮಚ ಹಾಕಿದಾಗ ನಡುವೆ ಮಂಜುಗಡ್ಡೆ ಕಟ್ಟಿದ್ದರೆ ಅದು ಕಾರ್ಖಾನೆಯಿಂದ ಬಂದದ್ದು. ಕೆನೆ ತಾನಾಗಿ ನಿಂತು, ಬಿಸ್ಕೆಟ್ ಒದ್ದೆಯಾಗಿದ್ದೂ ಕರಗಿ ಹೋಗದೆ, ಕಾಫಿಯ ಕಹಿ ಕೊನೆಗೆ ನಾಲಿಗೆಗೆ ಸಿಕ್ಕರೆ ಬೆಳಿಗ್ಗೆ ಅಲ್ಲೇ ಮಾಡಿದ್ದು.

ಪಾಸ್ತಾ, ಪಿಜ್ಜಾ, ತಿರಾಮಿಸು, ಇವುಗಳಲ್ಲಿ ಎರಡು ಚೆನ್ನಾಗಿದ್ದರೂ ಆ ಹೋಟೆಲ್‌ಗೆ ಇನ್ನೊಮ್ಮೆ ಹೋಗಿ. ಆಗ ವಾರದ ನಡುವೆ, ಜನ ಕಡಿಮೆ ಇರುವ ಸಂಜೆ ನೋಡಿಕೊಳ್ಳಿ. ಅಡುಗೆಯವರಿಗೆ ಬಿಡುವಿರುತ್ತದೆ, ವೇಯ್ಟರ್‌ಗೆ ಮಾತಾಡಲು ಹೊತ್ತಿರುತ್ತದೆ. 'ಹೋದ ಸಲ ಟೊಮೆಟೊ ಸ್ಪಗೆಟ್ಟಿ ತಿಂದೆವು, ಬಹಳ ಚೆನ್ನಾಗಿತ್ತು' ಅಂತ ಹೇಳಿ. ಆಮೇಲೆ ಈ ವಾರ ಮಾರುಕಟ್ಟೆಯಿಂದ ಏನು ತಂದಿದ್ದೀರಿ, ಅದರಲ್ಲಿ ನಮಗೇನು ಮಾಡಿಕೊಡುತ್ತೀರಿ, ಎಷ್ಟಾಗುತ್ತದೆ ಅಂತ ಕೇಳಿ, ಅವರು ಹೇಳಿದ್ದನ್ನು ತರಿಸಿ.